ಇನ್ನೂ ನಿರ್ಧರಿಸದ ಹುಡುಗ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಂದಿನಿಂದ ಪದವಿಪೂರ್ವ ಕಾಲೇಜಿನ ಪ್ರವೇಶಪತ್ರ ತುಂಬುವವರೆಗಿನ ದಿನಗಳು ವಿದ್ಯಾರ್ಥಿಜೀವನದ ವಿಚಿತ್ರ ಕಾಲ. ೬೨೫ಕ್ಕೆ ಎಷ್ಟು ಬಂದಿತೆಂದು ಕೇಳಿದವರೇ ಮರುಕ್ಷಣ "ಮುಂದೇನು?" ಎನ್ನುತ್ತಾರೆ. ಉತ್ತರ ತೋಚದ ಹುಡುಗನಿಗೆ ಗುರಿಯಿಲ್ಲದವನೆಂಬ ಬಿರುದು ಕಟ್ಟಿಟ್ಟ ಬುತ್ತಿ.

ಹದಿನಾರರ ಹರೆಯದಲ್ಲಿ ಗುರಿ ತಿಳಿಯದಿರುವುದು ದೋಷವೇ? ನುಲಿಯ ಚಂದಯ್ಯನವರ ಹಗ್ಗವನ್ನೂ ಅಂಬಿಗರ ಚೌಡಯ್ಯನವರ ದೋಣಿಯನ್ನೂ ಅಂದಿನ ಮಕ್ಕಳು ಕಣ್ಣಾರೆ ಕಾಣಬಹುದಾಗಿತ್ತು. ಸಂಖ್ಯಾಶಾಸ್ತ್ರಜ್ಞನ ಕಾಯಕವನ್ನು ಇಂದಿನ ಹಳ್ಳಿಯ ಹುಡುಗ ಯಾವ ಕಟ್ಟೆಯ ಮೇಲೆ ಕುಳಿತು ನೋಡಬೇಕು? ಅವನು ಕಂಡವರು ವೈದ್ಯರು, ಮೇಷ್ಟ್ರು, ಇಂಜಿನಿಯರು, ಇಷ್ಟೇ. ಕಾಣದ್ದನ್ನು ಹೇಗೆ ಬಯಸಿಯಾನು?

ಹೀಗಿರುವಾಗ ವೃತ್ತಿಯ ಮಾತನ್ನು ಬದಿಗಿಟ್ಟು, ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆಂಬುದನ್ನು ಮೊದಲು ಅರಿಯುವುದು ಲೇಸು. ಗಣಿತ ಬಿಟ್ಟವನಿಗೆ ಇಂಜಿನಿಯರಿಂಗ್ ದುರ್ಲಭ. ಜೀವಶಾಸ್ತ್ರ ಬಿಟ್ಟವನಿಗೆ ವೈದ್ಯಕೀಯವೂ ದೂರ, ಕೃಷಿ ಪದವಿಯೂ ದೂರ. ರೈತನ ಮಗನಾದವನು ಈ ಎರಡನೆಯದನ್ನು ಮರೆಯಬಾರದು. ಜೀವಶಾಸ್ತ್ರವನ್ನು ಅನಂತರ ಹೆಚ್ಚುವರಿ ವಿಷಯವಾಗಿ ಓದಿದವರಿಗೂ ನೀಟ್ ಪರೀಕ್ಷೆ ಬರೆಯಲು ೨೦೨೩ರಲ್ಲಿ ಅನುಮತಿ ದೊರೆಯಿತಾದರೂ ಅದು ಸುತ್ತುಬಳಸಿನ ಹಾದಿ. ಬಿ.ಎ., ಬಿ.ಕಾಂ., ಐದು ವರ್ಷಗಳ ಕಾನೂನು ಪದವಿಗಳಾದರೋ ವಿಜ್ಞಾನ ಓದಿದವನನ್ನೂ ಬರಮಾಡಿಕೊಳ್ಳುತ್ತವೆ. ಕಲಾವಿಭಾಗದಿಂದ ವಿಜ್ಞಾನದ ಪದವಿಗೆ ಅಂತಹ ಸುಗಮ ದಾರಿಯಿಲ್ಲ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಳ್ಳೆಂದು ಹಿರಿಯರು ಒತ್ತಾಯಿಸುವುದು ಈ ಲೆಕ್ಕಾಚಾರದಿಂದಲೇ.

ಲೆಕ್ಕವೇನೋ ಸರಿ, ಅದಕ್ಕೆ ತೆರಬೇಕಾದ ಬೆಲೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟುಕೊಂಡವನು ಪ್ರಯೋಗಶಾಲೆಯಲ್ಲಿಯೂ ಪುಸ್ತಕದಲ್ಲಿಯೂ ಎರಡು ವರ್ಷ ಹಗಲಿರುಳು ದುಡಿಯಬೇಕು. ಗಣಿತವೆಂದರೆ ಬೆವರುವ, ಇತಿಹಾಸವೆಂದರೆ ಊಟ ಮರೆಯುವ ಬಾಲಕನನ್ನು ಅಲ್ಲಿಗೆ ದೂಡಿದರೆ ಅವನು ಸೋಲುವುದಲ್ಲದೆ, ತಾನು ದಡ್ಡನೆಂದೂ ನಂಬಿಬಿಡುತ್ತಾನೆ. ಸಾಲ ತಂದು ಓದಿಸುವ ತಂದೆಗೆ ಆ ಒಂದು ವರ್ಷ ಒಂದು ಬೆಳೆ ನಷ್ಟವಾದಂತೆ. ಅಂಥವನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಮನಸಾರೆ ಓದಲಿ; ನ್ಯಾಯವಾದಿ, ಅಧ್ಯಾಪಕ, ಆಡಳಿತಾಧಿಕಾರಿಯಾಗುವ ಹಾದಿಗಳು ಅವನಿಗೂ ಇವೆ. ನಾಲ್ಕೂ ವಿಜ್ಞಾನಗಳು ಒಂದಿಷ್ಟಾದರೂ ಹಿಡಿಸಿದವನು, ಯಾವುದು ಹೆಚ್ಚೆಂದು ಮಾತ್ರ ತಿಳಿಯದವನು, ಹಿರಿಯರ ಮಾತು ಕೇಳಲಿ.

ಹಿಡಿಸಿದ್ದು ಯಾವುದೆಂಬುದಕ್ಕೆ ಅಂಕಪಟ್ಟಿಯ ಸಾಕ್ಷ್ಯ ಸಾಲದು. ಬೇಸಿಗೆಯ ರಜೆಯಲ್ಲಿ, ಯಾರೂ ಹೇಳದಿದ್ದರೂ, ಹುಡುಗ ತಾನಾಗಿ ಬಿಡಿಸಿದ ಪುಸ್ತಕ ಯಾವುದೆಂದು ತಾಯಿಯನ್ನು ಕೇಳಿದರೆ ತಿಳಿದೀತು. (ಅಂಕದಾಸೆಗೆ ಕನ್ನಡವನ್ನೇ ಕೈಬಿಡುವವರ ಮಾತು ಬೇರೆ, ಅದು ಇನ್ನೊಂದು ಲೇಖನಕ್ಕೆ ವಸ್ತು.) ಇಷ್ಟಾಗಿಯೂ ಆಯ್ಕೆ ತಪ್ಪಿತೆನಿಸಿದರೆ, ತರಗತಿಗಳು ಆರಂಭವಾದ ಹೊಸತರಲ್ಲಿಯೇ, ಮೊದಲ ಕಿರುಪರೀಕ್ಷೆಯ ಭಯಕ್ಕೆ ಕಾಯದೆ, ಪ್ರಾಚಾರ್ಯರನ್ನು ಕಂಡು ವಿಷಯ ಬದಲಾವಣೆಗೆ ಅರ್ಜಿ ಸಲ್ಲಿಸಬೇಕು.