ಹಕ್ಕಿಯ ಪಾಲು

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ನೀರಿಳಿದಾಗ ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿ ಹೆಕ್ಕುತ್ತಾರೆ. ಅದೇ ಕೆಸರಿನಲ್ಲಿ ಬೆಳ್ಳಕ್ಕಿ, ಕೊಕ್ಕರೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವ ಹಕ್ಕಿಗಳು. ನೀರು ಆಳವಾದರೆ ಅವುಗಳ ಕೊಕ್ಕಿಗೆ ಹುಳು ಎಟುಕದು. ಮಣ್ಣು ತುಂಬಿದರೆ ಹುಳುವೂ ಇಲ್ಲ, ಚಿಪ್ಪಿಯೂ ಇಲ್ಲ.

ಪಕ್ಕದ ಗಜನಿ ಗದ್ದೆಗಳ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಅದು ಕೊಳೆತು ಮೀನಿಗೆ, ಮೀನು ಹಕ್ಕಿಗೆ. ಸೀಗಡಿ ಸಾಕಣೆ ಬಂದ ಮೇಲೆ ಕಗ್ಗ ಮೂಲೆಗೆ ಸರಿಯಿತು.

2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಸಂತೋಷವೇ. ಆದರೆ ಪಟ್ಟಿಯಿಂದ ಹಕ್ಕಿಯ ಹೊಟ್ಟೆ ತುಂಬೀತೆ? ಕಗ್ಗ ಬೆಳೆಯುವವರಿಗೆ ಬೆಲೆ ಸಿಕ್ಕರೆ ಗದ್ದೆ ಉಳಿದೀತು. ಪೇಟೆಯಲ್ಲಿ ಆ ಕೆಂಪಕ್ಕಿ ಕಂಡರೆ ನಾನು ಬಿಡದೆ ಕೊಳ್ಳುತ್ತೇನೆ. ನಮ್ಮ ಒಂದು ಸೇರು ಅಕ್ಕಿಯಲ್ಲಿ ಹಕ್ಕಿಯ ಪಾಲೂ ಇದೆಯಲ್ಲ!