ಹೆಲ್ಮೆಟ್ಟಿನ ಮೇಲಿನ ಸಾಕ್ಷಿ

ಇಪ್ಪತ್ತು ವರ್ಷಗಳಿಂದ ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಪ್ರಶ್ನಿಸುತ್ತ ಬಂದ ನಾನು, ಸ್ವಂತ ತಲೆಯ ಮೇಲೆಯೇ ಒಂದು ಸಾಕ್ಷಿಯನ್ನು ಹೊತ್ತು ತಿರುಗುವೆನೆಂದು ಎಣಿಸಿರಲಿಲ್ಲ. ವೈದ್ಯರ ಒತ್ತಾಯದ ಮೇರೆಗೆ ಕಳೆದ ವರ್ಷದಿಂದ ಮುಂಜಾನೆ ಗೂಡಲೂರಿನಿಂದ ತೊರಪಳ್ಳಿಯವರೆಗೆ ಸೈಕಲ್ ತುಳಿಯುತ್ತಿದ್ದೇನೆ. ಮುದುಮಲೆ–ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ತೆರೆದೊಡನೆ, ತಡೆದು ನಿಂತಿದ್ದ ವಾಹನಗಳೆಲ್ಲ ಕಳೆದ ಹೊತ್ತನ್ನು ಒಮ್ಮೆಲೇ ಹಿಂಪಡೆಯಲು ಹೊರಡುತ್ತವೆ. ಆನೆ ಕಂಡರೆ ಎಲ್ಲರೂ ನಿಲ್ಲುತ್ತಾರೆ. ಸೈಕಲ್ ಕಂಡರೆ ಹಾರ್ನ್ ಒತ್ತುತ್ತಾರೆ.

ಕ್ಯಾಮೆರಾ ಕೊಂಡದ್ದು ನನ್ನ ಭಯದಿಂದಲ್ಲ, ಹಳೆಯ ಮೊಕದ್ದಮೆಯೊಂದರ ನೆನಪಿನಿಂದ. ತೋಟದ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟವನೊಬ್ಬನನ್ನು ಕತ್ತಲಲ್ಲಿ ಯಾವುದೋ ವಾಹನ ಗುದ್ದಿ ಹೋಗಿತ್ತು. ಆತ ಬದುಕಲಿಲ್ಲ. “ನಂಬರು ಯಾರೂ ನೋಡಲಿಲ್ಲವೇ ಸಾರ್?” ಎಂದು ಅವನ ಹೆಂಡತಿ ನನ್ನನ್ನು ಮೂರು ಬಾರಿ ಕೇಳಿದಳು. ನಂಬರು ಸಿಕ್ಕರೆ ಸತ್ತವನ ವಯಸ್ಸು, ದುಡಿಮೆ, ಅವಲಂಬಿತರನ್ನು ಲೆಕ್ಕಹಾಕಿ ನ್ಯಾಯಮಂಡಳಿ ಪರಿಹಾರ ನಿಗದಿಪಡಿಸುತ್ತದೆ. ಸಿಗದಿದ್ದರೆ, 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ, ಅಷ್ಟೇ. ಒಂದು ಫಲಕದ ಅಕ್ಷರಗಳು ಕಾಣದಿದ್ದುದರಿಂದ ಒಂದು ಮನೆ ಎಷ್ಟು ಕಳೆದುಕೊಳ್ಳುತ್ತದೆಂಬುದನ್ನು ಅಂದು ಕಂಡೆ.

ಲಂಡನ್ನಿನಲ್ಲಿ ಮೈಕ್ ವ್ಯಾನ್ ಅರ್ಪ್ ಎಂಬ ಸೈಕಲ್ ಸವಾರರಿದ್ದಾರೆ. ಕುಡಿದ ಚಾಲಕನೊಬ್ಬ ಅವರ ತಂದೆಯನ್ನು ಬಲಿ ತೆಗೆದುಕೊಂಡಿದ್ದ. ಫೋನ್ ಹಿಡಿದು ಕಾರು ಓಡಿಸುವವರನ್ನು ಅವರು ಚಿತ್ರೀಕರಿಸಿ ಪೊಲೀಸರಿಗೆ ಒಪ್ಪಿಸುತ್ತಾರೆ. ಹೆಸರಾಂತ ಚಿತ್ರನಿರ್ದೇಶಕ ಗೈ ರಿಚೀ 2020ರಲ್ಲಿ ಆರು ತಿಂಗಳು ಚಾಲನೆಯ ಹಕ್ಕು ಕಳೆದುಕೊಂಡದ್ದು ಹಾಗೆಯೇ. ನಮ್ಮ ಬೆಂಗಳೂರಿನಲ್ಲಿಯೂ 2015ರಲ್ಲಿ ಸಂಚಾರ ಪೊಲೀಸರು ಜನಾಗ್ರಹ ಸಂಸ್ಥೆಯೊಡಗೂಡಿ ‘ಪಬ್ಲಿಕ್ ಐ’ ಎಂಬ ಆ್ಯಪ್ ತಂದು, ನಾಗರಿಕರು ತೆಗೆದ ಚಿತ್ರಗಳನ್ನು ದೂರುಗಳಾಗಿ ಸ್ವೀಕರಿಸತೊಡಗಿದರು.

ಚಿತ್ರವಿದ್ದ ಮಾತ್ರಕ್ಕೆ ಸಾಕ್ಷ್ಯವಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ, ನಕಲು ಪ್ರತಿಯೊಡನೆ ಪ್ರಮಾಣಪತ್ರ ಬೇಕು. ಮೂಲ ಸಾಧನವನ್ನೇ ಅದರ ಒಡೆಯ ನ್ಯಾಯಾಲಯಕ್ಕೆ ತಂದು ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲವೆಂದು ಹಳೆಯ ಕಾಯ್ದೆಯ ಕಾಲದಲ್ಲಿ, 2020ರಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. ಆದ್ದರಿಂದ ಮೆಮೊರಿ ಕಾರ್ಡನ್ನು ಅಳಿಸಬಾರದು, ದೃಶ್ಯವನ್ನು ಕತ್ತರಿಸಬಾರದು. ಈ ಎರಡನೆಯ ಮಾತೇ ನನ್ನನ್ನು ಸಿಕ್ಕಿಹಾಕಿಸಿತು.

ಪ್ರವಾಸಿಗರ ಮೂರು ಕಾರುಗಳ ದೃಶ್ಯಗಳನ್ನು ನಾನು ಯಾವ ಅಳುಕೂ ಇಲ್ಲದೆ ಪೊಲೀಸರಿಗೆ ಕಳುಹಿಸಿದ್ದೆ. ಹೊರಗಿನವರಲ್ಲವೇ! ನಾಲ್ಕನೆಯದು ನಮ್ಮೂರಿನ ಜೀಪು. ಚಹಾ ಎಲೆ ಕೀಳುವ ಹೆಂಗಸರನ್ನು ತುಂಬಿಕೊಂಡು, ತಿರುವಿನಲ್ಲಿ ಲಾರಿಯನ್ನು ಹಿಂದಿಕ್ಕುತ್ತ ನನ್ನೆದುರಿಗೇ ಬಂತು. ನಾನು ರಸ್ತೆಯಂಚಿನ ಕೆಸರಿಗೆ ಬಿದ್ದೆ. ಮೊಣಕೈ ತರಚಿತಷ್ಟೆ. ಮನೆಯಲ್ಲಿ ದೃಶ್ಯ ನೋಡಿದರೆ, ಚಾಲಕನ ಕಿವಿಯ ಬಳಿ ಫೋನ್ ಸ್ಪಷ್ಟವಾಗಿತ್ತು. ಮುಖವೂ ಸ್ಪಷ್ಟ. ನಮ್ಮ ಭಾಷೆಯವನೇ, ನನ್ನ ಹಳೆಯ ಕಕ್ಷಿದಾರ. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಡಿ ಅಪಾಯಕಾರಿ ಚಾಲನೆ.

ಅದೇ ದೃಶ್ಯದಲ್ಲಿ, ಜೀಪು ಬರುವುದಕ್ಕೆ ಇಪ್ಪತ್ತು ಸೆಕೆಂಡು ಮುಂಚೆ, ಗುಂಡಿ ತಪ್ಪಿಸಲು ನಾನು ಹಿಂದೆ ನೋಡದೆ ರಸ್ತೆಯ ನಡುವಿಗೆ ಬಂದದ್ದೂ ದಾಖಲಾಗಿತ್ತು. ಎದುರು ಪಕ್ಷದ ವಕೀಲನಾಗಿದ್ದರೆ ನಾನು ಮೊದಲು ಕೆದಕುತ್ತಿದ್ದುದೇ ಆ ಭಾಗವನ್ನು.

ಎರಡು ದಿನ ಸುಮ್ಮನಿದ್ದು, ಅವನನ್ನು ಕರೆದು ತೋರಿಸಿದೆ. ಅವನು ಎರಡು ಬಾರಿ ನೋಡಿದ.

“ನೀವು ಅಂತ ಗೊತ್ತಾಗಲಿಲ್ಲ ಸಾರ್. ಗೊತ್ತಾಗಿದ್ರೆ ಹಂಗೆ ಬರ್ತಿರ್ಲಿಲ್ಲ.”

ಕ್ಷಮೆಯೆಂದು ಅವನು ಆಡಿದ ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ನಾನಲ್ಲದೆ ಬೇರೊಬ್ಬನಾಗಿದ್ದರೆ? ಹನ್ನೊಂದನೆಯ ತರಗತಿಯ ಮಕ್ಕಳಿಗೆ ತಮಿಳುನಾಡು ಸರಕಾರ ಉಚಿತ ಸೈಕಲ್ ಕೊಡುತ್ತದೆ. ಹೆಲ್ಮೆಟ್ಟಾಗಲಿ ಕ್ಯಾಮೆರಾ ಆಗಲಿ ಅದರೊಡನೆ ಬರುವುದಿಲ್ಲ. ಜೀಪಿನ ಹಿಂಭಾಗದಲ್ಲಿ ಕಂಬಿ ಹಿಡಿದು ಕುಳಿತಿದ್ದ ಹೆಂಗಸರ ಮುಖಗಳೂ ದೃಶ್ಯದಲ್ಲಿದ್ದವು. ಎಣಿಸಿದೆ, ಒಂಬತ್ತು. ಅವರಲ್ಲಿ ಒಬ್ಬರೂ ಅವನಿಗೆ ಫೋನ್ ಇಡು ಎಂದು ಹೇಳಲಾರರು. ನಾಳೆ ಕೆಲಸಕ್ಕೆ ಹೋಗಬೇಕಾದದ್ದು ಅದೇ ಜೀಪಿನಲ್ಲಿ.

ಕಳುಹಿಸಿದೆ. ನನ್ನ ತಪ್ಪಿನ ಇಪ್ಪತ್ತು ಸೆಕೆಂಡುಗಳನ್ನೂ ಸೇರಿಸಿ, ಇಡಿಯಾಗಿ. ಕಳುಹಿಸುವ ಮೊದಲು ಅವನಿಗೆ ತಿಳಿಸಿಯೂ ಇದ್ದೆ. ಅವನು ದಂಡ ಕಟ್ಟಿದ. ಈಗ ಪೇಟೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ. ತನ್ನ ಮನೆಯ ಭಾಗಪತ್ರ ಬರೆಸಲು ಬೇರೆ ವಕೀಲರನ್ನು ಗೊತ್ತುಮಾಡಿಕೊಂಡಿರುವನೆಂದು ಕೇಳಿದೆ.