ಕಲ್ಲೊಡೆಯೋ ಓದು

ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತಗೊಂಡೀನಿ ಅಂದಾಗ ಅಪ್ಪ ನಕ್ಕುಬಿಟ್ಟ. 'ಕಲ್ಲು ಒಡಿಯೋದು ತಪ್ಪಲಿ ಅಂತ ನಿನ್ನ ಸಾಲಿಗಿ ಹಾಕೀನಿ. ನೀ ಕಲ್ಲಿಂದೇ ಡಿಗ್ರಿ ಮಾಡ್ತೀಯೇನಲೇ?'

ದೇವದುರ್ಗದ ಕಡೆಯ ಹಳ್ಳಿ ನಮ್ಮದು. ಅಪ್ಪ ಊರವರ ಹೊಲಗಳಲ್ಲಿ ಬಾವಿ ತೋಡಿದವನು. ನೀರು ಬೀಳುವ ತನಕ ಬಾವಿಯೊಳಗೆ ಅವನು. ನೀರು ಬಿದ್ದ ಮೇಲೆ ದಡದಲ್ಲೂ ನಿಲ್ಲುವಂತಿಲ್ಲ. ಮೇಲೆ ಗರಸು, ಕೆಳಗೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ, ಬಂಡೆ ಬಿರುಕು ಬಿಟ್ಟಲ್ಲಿ ನೀರು. ಹಾರೆಯ ಸದ್ದಿನ ಮೇಲೇ ಹೇಳುತ್ತಿದ್ದ. ರಾಯಚೂರಿನಲ್ಲಿ ಓದುವಾಗ ಪುಸ್ತಕವೂ ಅದನ್ನೇ ಹೇಳಿತು, ಇಂಗ್ಲಿಷಿನಲ್ಲಿ. ಅರ್ಥ ಮಾಡಿ ಹೇಳಿದೆ. 'ಇದಕ್ಕ ಇಷ್ಟು ದಪ್ಪ ಪುಸ್ತಕ ಬೇಕೇನಪಾ' ಅಂದ.

ಭೂವಿಜ್ಞಾನ ಓದುವವನಿಗೆ ನಮ್ಮ ಜಿಲ್ಲೆಯೇ ಒಂದು ಪ್ರಯೋಗಶಾಲೆ. ರಾಯಚೂರು ಕೋಟೆ ಕೂತಿರುವುದೇ ಗ್ರಾನೈಟ್ ಗುಡ್ಡದ ಮೇಲೆ. ಮಾನ್ವಿ ದಾಟಿ ಪಶ್ಚಿಮಕ್ಕೆ ಹೋದರೆ ಹಟ್ಟಿ-ಮಸ್ಕಿಯ ಚಿನ್ನದ ಶಿಲಾಪಟ್ಟಿ, 250 ಕೋಟಿ ವರ್ಷಕ್ಕೂ ಹಳೆಯದು. ಹಟ್ಟಿಯ ಕಂಪನಿ ಹುಟ್ಟಿದ್ದು 1947ರಲ್ಲಿ. ಆದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅಲ್ಲಿ 600 ಅಡಿಗೂ ಆಳಕ್ಕೆ ಇಳಿದವರಿದ್ದರು. ಅವರು ಬಿಟ್ಟುಹೋದ ಮರದ ತುಂಡುಗಳ ಕಾರ್ಬನ್ ಪರೀಕ್ಷೆ ಇದನ್ನು ಹೇಳುತ್ತದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸಿಕ್ಕಿತು. 1915ರಲ್ಲಿ ಅದನ್ನು ಕಂಡವನೂ ಚಿನ್ನದ ಗಣಿಯ ಎಂಜಿನಿಯರ್, ಬೀಡನ್. ಇವರಿಬ್ಬರ ಹೆಸರೂ ಉಳಿದವು. ಬಾವಿಯಂಥ ಕತ್ತಲಿಗೆ ಇಳಿದವರ ಹೆಸರು ಯಾವ ಕಲ್ಲಿನ ಮೇಲಿದೆ?

ಕ್ಷೇತ್ರ ಅಧ್ಯಯನಕ್ಕೆ ಅವ್ವ ಮಾನ್ವಿ ಕಡೆ ಭತ್ತದ ನಾಟಿಗೆ ಹೋಗಿ ದುಡ್ಡು ಕೂಡಿಸಿದಳು. ಗುಡ್ಡದಲ್ಲಿ ಎಲ್ಲರೂ ಸುತ್ತಿಗೆ ಬಡಿದು ಚೂರು ಎಬ್ಬಿಸುತ್ತಿದ್ದರು. ನಾನು ಎರಡೇ ಏಟಿಗೆ ಹದವಾಗಿ ಸೀಳಿದೆ. 'ರಕ್ತದಾಗೇ ಅದ ಬಿಡು' ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆ ನಗು ಇನ್ನೂ ಗಂಟಲಲ್ಲಿದೆ.

ಅವಕಾಶ ಇಲ್ಲವೆಂದಲ್ಲ. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಪರೀಕ್ಷೆಯಿದೆ, ಅದರಲ್ಲಿ ಭೂವಿಜ್ಞಾನದ ಪತ್ರಿಕೆಯೂ ಇದೆ. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಪರಿಶಿಷ್ಟರಿಗೆ ಶುಲ್ಕ ಕಡಿಮೆ. 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಯುಪಿಎಸ್‌ಸಿ ಪರೀಕ್ಷೆ ನಡೆಸುತ್ತದೆ, ನಮಗೆ ಶುಲ್ಕವೇ ಇಲ್ಲ. ಆದರೆ ಬರೀ ಬಿ.ಎಸ್ಸಿ.ಗೆ ಆ ಬಾಗಿಲು ತೆರೆಯದು, ಎಂ.ಎಸ್ಸಿ. ಬೇಕು. ಇಷ್ಟನ್ನು ಮೂರು ವರ್ಷ ನನಗೆ ಯಾರೂ ಹೇಳಲಿಲ್ಲ. ಒಂದು ವಿಚಾರ ಸಂಕಿರಣದ ಸುತ್ತೋಲೆಯನ್ನು ಬೋರ್ಡಿಗೆ ಹಚ್ಚಿದ್ದು ಕೊನೆಯ ದಿನ ದಾಟಿದ ಮೇಲೆ. ಹಳ್ಳಿಯ ಮೇಷ್ಟ್ರುಗಳೇ, ನೀವಾದರೂ ಹೇಳಿ.

ನನ್ನ ಹಲ್ಲು ನೋಡಿದವರಿಗೆ ಗೊತ್ತು, ಹಳದಿ ಗೆರೆ. ನಮ್ಮ ಗ್ರಾನೈಟಿನ ಖನಿಜಗಳಿಂದ ಫ್ಲೋರೈಡ್ ಬೋರಿನ ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಎಲುಬೂ ಬಾಗುತ್ತದೆ. ಈಗ ಹಾಸ್ಟೆಲಿನ ಇಬ್ಬರು ಹುಡುಗರ ಜೊತೆ ಕೇರಿಗಳ ಬೋರಿನ ನೀರು ಬಾಟ್ಲಿಗೆ ತುಂಬಿ ಪರೀಕ್ಷೆಗೆ ಒಯ್ಯುತ್ತೇವೆ.

ಹೋದ ವಾರ ಅಪ್ಪನೂ ಒಂದು ಬಾಟ್ಲಿ ತಂದ. ತಾನೇ ತೋಡಿದ ಗೌಡರ ಬಾವಿಯದು, ಹಗ್ಗ ಕಟ್ಟಿ ಇಳಿಸಿ ತುಂಬಿದ್ದನಂತೆ. 'ಇದನ್ನೂ ನೋಡಪಾ. ನಾ ಕುಡಿದಿಲ್ಲ. ಹ್ಯಾಂಗ ಅದ ಹೇಳು' ಅಂದ.